ಬಾಗಿಲು ದಾಟಲಾರದವರ ನಗೆ: ಗಾಲ್ಟನ್–ಸಿಂಪ್ಸನ್ ಜೋಡಿಯ ಟಿ.ವಿ. ಹಾಸ್ಯಬರವಣಿಗೆ

ಹಾಸ್ಯಕ್ಕೂ ಕರುಣಕ್ಕೂ ಆಗಿಬರುವುದಿಲ್ಲ ಎಂಬುದು ನಮ್ಮ ಅಲಂಕಾರಶಾಸ್ತ್ರದ ಹಳೆಯ ತೀರ್ಮಾನ. ರಸಗಳ ಪರಸ್ಪರ ವಿರೋಧವನ್ನು ಹೇಳುವಾಗ ಸಾಹಿತ್ಯದರ್ಪಣದ ವಿಶ್ವನಾಥ ಹಾಸ್ಯಕ್ಕೆ ಭಯಾನಕವನ್ನೂ ಕರುಣವನ್ನೂ ವಿರೋಧಿಗಳೆಂದು ಎಣಿಸುತ್ತಾನೆ. ಒಂದು ನೆಲೆಗೊಂಡಲ್ಲಿ ಇನ್ನೊಂದು ಕಾಲಿಟ್ಟರೆ ಎರಡೂ ಕೆಡುತ್ತವೆ ಎಂಬುದು ಇದರ ತಾತ್ಪರ್ಯ. ಈ ಮಾತನ್ನು ಕೇಳಿಯೂ ಇರದ ಲಂಡನ್ನಿನ ಇಬ್ಬರು ಬರಹಗಾರರು 1950 ಮತ್ತು 60ರ ದಶಕಗಳಲ್ಲಿ ಅರ್ಧ ಗಂಟೆಯ ಹಾಸ್ಯ ಕಾರ್ಯಕ್ರಮದೊಳಗೆ ಈ ಎರಡು ರಸಗಳನ್ನೂ ಒಂದೇ ಪಾತ್ರದಲ್ಲಿ, ಹಲವು ಸಲ ಒಂದೇ ಗಳಿಗೆಯಲ್ಲಿ ಕೂಡಿಸಿ ತೋರಿಸಿದರು. ಎರಡೂ ಕೆಡಲಿಲ್ಲ. ಎರಡು ಕೋಟಿಗೂ ಹೆಚ್ಚು ಜನ ಅದನ್ನು ಮನೆಯಲ್ಲಿ ಕೂತು ನೋಡಿದ ರಾತ್ರಿಗಳಿವೆ.

ಆ ಇಬ್ಬರು ರೇ ಗಾಲ್ಟನ್ (1930–2018) ಮತ್ತು ಆಲನ್ ಸಿಂಪ್ಸನ್ (1929–2017). ಟಿ.ವಿ. ಹಾಸ್ಯದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ನಟರ ಬಗ್ಗೆ ಬರೆಯುತ್ತಾರೆ. ಬರಹಗಾರನಿಗೆ ಒಂದು ವಾಕ್ಯ ಸಿಕ್ಕರೆ ಹೆಚ್ಚು. ನನಗೆ ಇದು ಅನ್ಯಾಯವೆಂದು ತೋರಿದ್ದರಿಂದಲೇ ಈ ಲೇಖನ. ಇಲ್ಲಿ ನಾನು ಮಂಡಿಸುವುದು ಒಂದೇ ವಿಚಾರ. ಈ ಜೋಡಿಯ ಹಾಸ್ಯದ ಮೂಲ ವಿಭಾವ, ಅಂದರೆ ನಗೆ ಹುಟ್ಟಿಸುವ ಕಾರಣ, ವಿಕೃತ ವೇಷವಲ್ಲ, ಅಸಂಬದ್ಧ ಮಾತೂ ಅಲ್ಲ; ಎದ್ದು ಹೊರಗೆ ಹೋಗಲಾಗದ ಸ್ಥಿತಿ. ಆ ಸ್ಥಿತಿಯನ್ನು ಅವರು ಯಾವ ಪುಸ್ತಕದಿಂದಲೂ ಕಲಿಯಲಿಲ್ಲ. ಹದಿಹರೆಯದಲ್ಲಿ, ಕ್ಷಯದ ಆಸ್ಪತ್ರೆಯ ಹಾಸಿಗೆಯ ಮೇಲೆ ಕಲಿತರು.

ಮಿಲ್‌ಫರ್ಡ್‌ನ ಹಾಸಿಗೆಗಳು

ಇಂಗ್ಲೆಂಡಿನ ಸರ‍್ರೀ ಪ್ರಾಂತದ ಗೋಡಲ್ಮಿಂಗ್ ಬಳಿ ಮಿಲ್‌ಫರ್ಡ್ ಎಂಬ ಸ್ಯಾನಟೋರಿಯಂ ಇತ್ತು. 1948ರಲ್ಲಿ ಗಾಲ್ಟನ್ ಮತ್ತು ಸಿಂಪ್ಸನ್ ಅಲ್ಲಿ ಒಬ್ಬರಿಗೊಬ್ಬರು ಪರಿಚಯವಾದರು. ಇಬ್ಬರಿಗೂ ಇಪ್ಪತ್ತು ತುಂಬಿರಲಿಲ್ಲ. ಸಿಂಪ್ಸನ್ ಹಡಗು ವ್ಯವಹಾರದ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದವನು. ಕಾಯಿಲೆ ಎಷ್ಟು ವಿಷಮಿಸಿತ್ತೆಂದರೆ ಪಾದ್ರಿ ಬಂದು ಅಂತಿಮ ಸಂಸ್ಕಾರವನ್ನೂ ಮಾಡಿ ಹೋಗಿದ್ದರು. ಸ್ಟ್ರೆಪ್ಟೋಮೈಸಿನ್ ಆಗಷ್ಟೇ ಪ್ರಯೋಗದ ಹಂತ ದಾಟುತ್ತಿದ್ದ ಕಾಲ ಅದು. ಕ್ಷಯಕ್ಕೆ ಬಹುಮಟ್ಟಿಗೆ ಇದ್ದ ಔಷಧವೆಂದರೆ ಗಾಳಿ, ಊಟ ಮತ್ತು ಅಲುಗಾಡದೆ ಮಲಗುವುದು. ತಿಂಗಳುಗಟ್ಟಲೆ, ಒಮ್ಮೊಮ್ಮೆ ವರ್ಷಗಟ್ಟಲೆ ಮಲಗುವುದು.

ಹೀಗೆ ಮಲಗಿದವರಿಗೆ ಹೊರಲೋಕವೆಂದರೆ ರೇಡಿಯೋ. ಅದರಲ್ಲಿ ಬರುತ್ತಿದ್ದ ಹಾಸ್ಯಗಳನ್ನು, ಅಮೆರಿಕದ ಸೈನಿಕರಿಗಾಗಿ ಬಿತ್ತರವಾಗುತ್ತಿದ್ದ ಕಾರ್ಯಕ್ರಮಗಳನ್ನೂ ಸೇರಿಸಿ, ಈ ಹುಡುಗರು ಕಿವಿಗೊಟ್ಟು ಕೇಳಿದರು. ರೋಗಿಗಳೇ ಸೇರಿ ಆಸ್ಪತ್ರೆಯೊಳಗೆ ಒಂದು ಪುಟ್ಟ ರೇಡಿಯೋ ಕೇಂದ್ರ ನಡೆಸುತ್ತಿದ್ದರು. ಹಾಸಿಗೆ ಬಟ್ಟೆ ಇಡುವ ಕೋಣೆಯೇ ಅದರ ಸ್ಟುಡಿಯೋ. ಅದಕ್ಕಾಗಿ ಇಬ್ಬರೂ ಸೇರಿ ‘ಹ್ಯಾವ್ ಯು ಎವರ್ ವಂಡರ್ಡ್’ ಎಂಬ ಪ್ರಹಸನಮಾಲೆ ಬರೆದರು. ಅವರ ಮೊದಲ ಬರವಣಿಗೆ ಅದು. ಮೊದಲ ಕೇಳುಗರೂ ತಮ್ಮ ಹಾಗೆಯೇ ಮಲಗಿದ್ದವರು, ನಾಳೆ ಇರುತ್ತೇವೋ ಇಲ್ಲವೋ ಎಂಬ ಖಾತ್ರಿಯಿಲ್ಲದವರು. ಅಂಥವರನ್ನು ನಗಿಸಲು ಕಲಿತವನಿಗೆ ನಗುವಿನ ಪಕ್ಕದಲ್ಲೇ ಏನಿರುತ್ತದೆಂದು ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆ ಕಾಲದ ಹೆಸರಾಂತ ರೇಡಿಯೋ ಹಾಸ್ಯಬರಹಗಾರರಾದ ಫ್ರ್ಯಾಂಕ್ ಮ್ಯೂರ್ ಮತ್ತು ಡೆನಿಸ್ ನಾರ್ಡನ್ ಅವರಿಗೆ ಸಲಹೆ ಕೇಳಿ ಇಬ್ಬರೂ ಪತ್ರ ಬರೆದರು. ಬಿಬಿಸಿಯ ಸ್ಕ್ರಿಪ್ಟ್ ಸಂಪಾದಕರಿಗೆ ಏನಾದರೂ ಬರೆದು ಕಳಿಸಿ ಎಂಬ ಉತ್ತರ ಬಂತು. ಕಳಿಸಿದರು, ಕರೆ ಬಂತು. 1951ರಲ್ಲಿ ಡೆರೆಕ್ ರಾಯ್ ಎಂಬ ಹಾಸ್ಯನಟನ ‘ಹ್ಯಾಪಿ ಗೋ ಲಕ್ಕಿ’ ಕಾರ್ಯಕ್ರಮಕ್ಕೆ ಬಿಡಿಬಿಡಿ ಜೋಕು ಒದಗಿಸುವ ಕೆಲಸ ಸಿಕ್ಕಿತು. ಒಂದು ಜೋಕಿಗೆ ಐದು ಶಿಲ್ಲಿಂಗ್. ಬರಹಗಾರನೆಂದರೆ ಆಗ ಅಷ್ಟೇ. ಸರಕು ಒದಗಿಸುವವನು, ಮಾಲು ನಟನದು.

ಜೋಕು ಬಿಟ್ಟು ಪಾತ್ರಕ್ಕೆ

‘ಹ್ಯಾಪಿ ಗೋ ಲಕ್ಕಿ’ಯಲ್ಲಿಯೇ ಟೋನಿ ಹ್ಯಾನ್‌ಕಾಕ್ ಎಂಬ ಯುವನಟನ ಪರಿಚಯವಾಯಿತು. ಮೂರು ವರ್ಷಗಳ ನಂತರ, 1954ರ ನವೆಂಬರ್ 2ರಂದು, ಬಿಬಿಸಿ ರೇಡಿಯೋದಲ್ಲಿ ‘ಹ್ಯಾನ್‌ಕಾಕ್ಸ್ ಹಾಫ್ ಅವರ್’ ಶುರುವಾಯಿತು. ಅಲ್ಲಿಯವರೆಗಿನ ರೇಡಿಯೋ ಹಾಸ್ಯದಲ್ಲಿ ಒಂದು ಪ್ರಹಸನ, ನಡುವೆ ಒಂದು ಹಾಡು, ಮತ್ತೊಂದು ಪ್ರಹಸನ, ನಾಲ್ಕಾರು ತಕಿಯಾಕಲಾಮುಗಳು, ಅಂದರೆ ವಾರವಾರವೂ ಅದೇ ಪಾತ್ರ ಅದೇ ಮಾತು ಹೇಳಿ ಚಪ್ಪಾಳೆ ಗಿಟ್ಟಿಸುವ ರೂಢಿ ಇತ್ತು. ಗಾಲ್ಟನ್–ಸಿಂಪ್ಸನ್ ಇದನ್ನೆಲ್ಲ ತೆಗೆದುಹಾಕಿ ಮೂವತ್ತು ನಿಮಿಷಕ್ಕೆ ಒಂದೇ ಕಥೆ, ಒಬ್ಬ ಮನುಷ್ಯ ಎಂಬ ಕಟ್ಟನ್ನು ತಂದರು. ಹಳೆಯ ಅಭ್ಯಾಸ ಒಂದೇ ದಿನಕ್ಕೆ ಬಿಡಲಿಲ್ಲ. ಮೊದಲ ವರ್ಷಗಳ ಸ್ಕ್ರಿಪ್ಟುಗಳಲ್ಲಿ ನಟ ಕೆನೆತ್ ವಿಲಿಯಮ್ಸ್ ವಿಚಿತ್ರ ದನಿಗಳಲ್ಲಿ ಬಂದು ಹೋಗುವುದು ಆ ಹಳೆಯ ಅಭ್ಯಾಸದ ಉಳಿಕೆ.

ಅವರು ಕಟ್ಟಿದ ಹ್ಯಾನ್‌ಕಾಕ್ ಎಂಬ ಪಾತ್ರದ ವಿಳಾಸ ಈಸ್ಟ್ ಚೀಮ್ ಎಂಬ ಉಪನಗರದ 23, ರೈಲ್ವೆ ಕಟಿಂಗ್ಸ್. ತಲೆಯ ಮೇಲೆ ಹೋಂಬರ್ಗ್ ಟೋಪಿ, ತುಪ್ಪಟದ ಕಾಲರಿನ ಉದ್ದ ಕೋಟು. ನಾಟ್ಯಶಾಸ್ತ್ರದ ಭರತನು ಹೇಳುವ ವಿಕೃತ ವೇಷ ಇಲ್ಲಿಯೂ ಇದೆ ಎನ್ನಬಹುದು. ಆದರೆ ನಗು ಬರುವುದು ವೇಷದಿಂದಲ್ಲ, ವೇಷಕ್ಕೂ ಮನೆಗೂ ಇರುವ ಅಂತರದಿಂದ. ತಾನು ಓದಿಕೊಂಡವನು, ಕಲಾವಿದ, ಲೋಕ ತನ್ನನ್ನು ಗುರುತಿಸಲಿಲ್ಲ ಎಂಬ ಕೊರಗು ಅವನದು. ಲೋಕ ಗುರುತಿಸದೇ ಇರುವುದಕ್ಕೆ ಕಾರಣವಿದೆ ಎಂಬುದು ಕೇಳುಗನಿಗೆ ಗೊತ್ತು, ಅವನಿಗೂ ಒಳಗೊಳಗೇ ಗೊತ್ತು. ನಾಟ್ಯಶಾಸ್ತ್ರ ಹಾಸ್ಯವನ್ನು ಆತ್ಮಸ್ಥ, ಪರಸ್ಥ ಎಂದು ವಿಂಗಡಿಸುತ್ತದೆ: ತಾನೇ ನಗುವುದು, ಇನ್ನೊಬ್ಬರನ್ನು ನಗಿಸುವುದು. ಈ ಪಾತ್ರ ತಾನು ನಗುವುದೂ ಇಲ್ಲ, ನಗಿಸಲು ಹೊರಡುವುದೂ ಇಲ್ಲ. ಗಂಭೀರವಾಗಿ ಬದುಕಲು ನೋಡುತ್ತದೆ, ಅಷ್ಟೇ. ಶಾಸ್ತ್ರದ ವಿಂಗಡಣೆಗೆ ಸಿಗದ ಮೂರನೆಯ ಬಗೆಯೊಂದು ಇಲ್ಲಿದೆ ಎಂದು ನನ್ನ ಅನಿಸಿಕೆ.

1958ರ ಏಪ್ರಿಲ್‌ನಲ್ಲಿ ಬಿತ್ತರವಾದ ‘ಸಂಡೇ ಆಫ್ಟರ್‌ನೂನ್ ಅಟ್ ಹೋಮ್’ ಕಂತನ್ನು ಇಲ್ಲಿ ಸ್ವಲ್ಪ ಹತ್ತಿರದಿಂದ ನೋಡಬೇಕು. ಭಾನುವಾರದ ಮಧ್ಯಾಹ್ನ, ಹೊರಗೆ ಮಳೆ, ಅಂಗಡಿ ಮುಂಗಟ್ಟುಗಳೆಲ್ಲ ಮುಚ್ಚಿವೆ, ಮನೆಯೊಳಗೆ ನಾಲ್ಕು ಜನ. ಏನೂ ನಡೆಯುವುದಿಲ್ಲ. ನಡೆಯದಿರುವುದೇ ಕಥೆ. ಹ್ಯಾನ್‌ಕಾಕ್ ನಿಟ್ಟುಸಿರು ಬಿಡುತ್ತಾನೆ. ಮೌನ. ಯಾರೋ ಗಂಟೆ ಎಷ್ಟಾಯಿತೆಂದು ಕೇಳುತ್ತಾರೆ. ಮತ್ತೆ ಮೌನ. ರೇಡಿಯೋದಲ್ಲಿ ಮೌನವೆಂದರೆ ಯಂತ್ರ ಕೆಟ್ಟಿದೆ ಎಂದು ಜನ ಎದ್ದು ಬಂದು ಗುಬುಟು ತಿರುಗಿಸುವ ಕಾಲದಲ್ಲಿ ಇವರು ಮೌನವನ್ನೇ ಹಾಳೆಯ ಮೇಲೆ ಬರೆದರು. ಸ್ಯಾಮ್ಯುಯಲ್ ಬೆಕೆಟ್‌ನ ‘ವೇಟಿಂಗ್ ಫಾರ್ ಗೋಡೋ’ ಲಂಡನ್ನಿನಲ್ಲಿ ಇಂಗ್ಲಿಷಿನಲ್ಲಿ ರಂಗವೇರಿದ್ದು 1955ರಲ್ಲಿ. ಹೀಗಾಗಿ ವಿಮರ್ಶಕರು ಈ ಕಂತಿನ ಪಕ್ಕದಲ್ಲಿ ಆ ನಾಟಕವನ್ನಿಟ್ಟು ನೋಡುವುದುಂಟು. ಹೋಲಿಕೆ ತಪ್ಪಲ್ಲ, ಆದರೆ ಅಷ್ಟು ದೂರ ಹೋಗಬೇಕಾಗಿಲ್ಲ. ಮಧ್ಯಾಹ್ನಗಳು ಮುಗಿಯದ ಒಂದು ವಾರ್ಡು ಈ ಬರಹಗಾರರ ಹಿಂದೆಯೇ ಇತ್ತು.

ಅವರ ಕೆಲಸದ ರೀತಿಯೂ ಇದೇ ಮೌನದ್ದು. ಒಂದೇ ಕೋಣೆ. ಟೈಪ್‌ರೈಟರಿನ ಮುಂದೆ ಸಿಂಪ್ಸನ್, ಅಲ್ಲೇ ಗಾಲ್ಟನ್. ಒಬ್ಬ ಒಂದು ಮಾತು ಹೇಳುತ್ತಾನೆ; ಇನ್ನೊಬ್ಬ ಒಪ್ಪದಿದ್ದರೆ ಅದು ಹಾಳೆಗೆ ಇಳಿಯುವುದಿಲ್ಲ. ವಾದವೂ ಇಲ್ಲ, ಇನ್ನೊಂದು ಮಾತು ಬರುವವರೆಗೆ, ಬೇಕಾದರೆ ಗಂಟೆಗಟ್ಟಲೆ, ಸುಮ್ಮನೆ ಕೂರುವುದು. ಆದ್ದರಿಂದ ಅವರ ಸ್ಕ್ರಿಪ್ಟಿನಲ್ಲಿ ಇದು ಯಾರ ಸಾಲು ಎಂದು ಬೇರ್ಪಡಿಸಲು ಹೊರಟವರಿಗೆ ಏನೂ ಸಿಗುವುದಿಲ್ಲ. ಆಸ್ಪತ್ರೆಯಲ್ಲಿ ಮಲಗಿ ಕಲಿತ ತಾಳ್ಮೆಯನ್ನು ಇವರು ಕಸುಬಿನ ಶಿಸ್ತನ್ನಾಗಿ ಮಾಡಿಕೊಂಡರೆಂದು ನನಗೆ ತೋರುತ್ತದೆ.

1954ರ ಸುಮಾರಿಗೆ ಸ್ಪೈಕ್ ಮಿಲಿಗನ್ ಮತ್ತು ಎರಿಕ್ ಸೈಕ್ಸ್ ಜೊತೆ ಸೇರಿ ಈ ಇಬ್ಬರು ‘ಅಸೋಸಿಯೇಟೆಡ್ ಲಂಡನ್ ಸ್ಕ್ರಿಪ್ಟ್ಸ್’ ಎಂಬ ಬರಹಗಾರರ ಕೂಟ ಕಟ್ಟಿದ್ದು ಅಷ್ಟೇ ಮುಖ್ಯ. ಲಂಡನ್ನಿನ ಶೆಪರ್ಡ್ಸ್ ಬುಷ್‌ನಲ್ಲಿ, ತರಕಾರಿ ಅಂಗಡಿಯೊಂದರ ಮೇಲಿನ ಮಹಡಿ. ಸಿಂಪ್ಸನ್‌ನ ಶಾಲಾ ದಿನಗಳ ಪರಿಚಯದ ಬೆರಿಲ್ ವರ್ಚು ಅಲ್ಲಿ ಟೈಪಿಸ್ಟಾಗಿ ಸೇರಿದರು. ಕಾಗದಪತ್ರ ನೋಡಿಕೊಳ್ಳುತ್ತಾ, ಕರಾರುಗಳ ಬಗ್ಗೆ ಮಾತಾಡುತ್ತಾ ಕೊನೆಗೆ ಇವರೆಲ್ಲರ ಏಜೆಂಟರೇ ಆದರು. ‘ಡಾಕ್ಟರ್ ಹೂ’ ಧಾರಾವಾಹಿಗೆ ಡಾಲೆಕ್ ಎಂಬ ಯಂತ್ರಜೀವಿಗಳನ್ನು ಸೃಷ್ಟಿಸಿದ ಟೆರಿ ನೇಷನ್‌ಗೆ ಆ ಡಾಲೆಕ್‌ಗಳ ಆಟಿಕೆಗಳ ಹಕ್ಕಿನಲ್ಲಿ ಪಾಲು ಉಳಿಸಿಕೊಟ್ಟವರು ಅವರೇ. ಜೋಕಿಗೆ ಐದು ಶಿಲ್ಲಿಂಗ್ ಎಂಬಲ್ಲಿಂದ ಬರಹಗಾರನಿಗೆ ತನ್ನ ಸೃಷ್ಟಿಯ ಮೇಲೆ ಹಕ್ಕಿದೆ ಎಂಬಲ್ಲಿಗೆ ಬಂದ ದಾರಿ ಆ ತರಕಾರಿ ಅಂಗಡಿಯ ಮೆಟ್ಟಿಲುಗಳ ಮೇಲೆ ಹಾದುಹೋಗಿದೆ.

ಟಿ.ವಿ.ಯ ಸಮೀಪದೃಶ್ಯ

1956ರ ಜುಲೈನಲ್ಲಿ ಹ್ಯಾನ್‌ಕಾಕ್ ಟಿ.ವಿ.ಗೆ ಬಂದ. ರೇಡಿಯೋದಲ್ಲಿ ಕೇಳಿಸುತ್ತಿದ್ದ ನಿಟ್ಟುಸಿರು ಈಗ ಮುಖದ ಮೇಲೆ ಕಾಣತೊಡಗಿತು. ನಿರ್ಮಾಪಕ ಡಂಕನ್ ವುಡ್ ಕ್ಯಾಮೆರಾವನ್ನು ಆ ಮುಖದ ಹತ್ತಿರಕ್ಕೆ ಒಯ್ದರು. ಮಾತಾಡುವವನನ್ನು ಬಿಟ್ಟು ಕೇಳುತ್ತಿರುವ ಹ್ಯಾನ್‌ಕಾಕ್‌ನನ್ನು ತೋರಿಸುವುದು ಈ ಸರಣಿಯ ವಿಶೇಷವಾಯಿತು. ಬರಹಗಾರರು ಅದಕ್ಕೆ ತಕ್ಕಂತೆ ಮಾತು ಕಡಿಮೆ ಮಾಡುತ್ತ ಬಂದರು.

1961ರಲ್ಲಿ ಬಂದ ಕೊನೆಯ ಸರಣಿಗೆ ‘ಹ್ಯಾನ್‌ಕಾಕ್’ ಎಂದಷ್ಟೇ ಹೆಸರು. ಜೊತೆಗಾರ ಸಿಡ್ ಜೇಮ್ಸ್ ಕೂಡ ಅದರಲ್ಲಿಲ್ಲ. ಮೇ 26ರ ಮೊದಲ ಕಂತು ‘ದಿ ಬೆಡ್‌ಸಿಟ್ಟರ್’. ಒಂದು ಬಾಡಿಗೆ ಕೋಣೆ, ಒಬ್ಬನೇ ಮನುಷ್ಯ, ಇಡೀ ಕಂತಿಗೆ ಮತ್ತೊಂದು ಪಾತ್ರ ತೆರೆಗೆ ಬರುವುದಿಲ್ಲ. ಹಾಸಿಗೆಯ ಮೇಲೆ ಬಿದ್ದುಕೊಂಡು ಹೊಗೆಯ ಉಂಗುರ ಬಿಡಲು ನೋಡುತ್ತಾನೆ. ಬರ್ಟ್ರಂಡ್ ರಸೆಲ್‌ನ ಪುಸ್ತಕ ತೆರೆದು, ಪದಪದಕ್ಕೂ ಡಿಕ್ಷನರಿ ನೋಡಿ, ಸೋತು ಕೈಬಿಡುತ್ತಾನೆ. ಯಾವುದೋ ಹೆಣ್ಣುಮಗಳು ತಪ್ಪು ನಂಬರಿಗೆ ಫೋನ್ ಮಾಡುತ್ತಾಳೆ. ಮಾತು ಬೆಳೆದು ಪಾರ್ಟಿಗೆ ಬನ್ನಿ ಎಂಬ ಕರೆ ಬರುತ್ತದೆ. ಇದ್ದಕ್ಕಿದ್ದಂತೆ ಆ ಕೋಣೆಗೆ ಜೀವ ಬರುತ್ತದೆ: ತಯಾರಾಗುತ್ತಾನೆ, ಕನಸು ಕಾಣುತ್ತಾನೆ. ಆಮೇಲೆ ಮತ್ತೊಂದು ಕರೆ, ಕಾರ್ಯಕ್ರಮ ಬದಲಾಯಿತು ಎಂದು. ಅವನು ಮತ್ತೆ ಪುಸ್ತಕದ ಕಡೆಗೆ ತಿರುಗುತ್ತಾನೆ. ನೋಡುವವನಿಗೆ ನಗು ನಿಂತಿರುವುದಿಲ್ಲ, ಗಂಟಲು ಮಾತ್ರ ಕಟ್ಟಿರುತ್ತದೆ. ವಿಶ್ವನಾಥ ಹೇಳಿದ ವಿರೋಧ ಇಲ್ಲಿ ಎಲ್ಲಿ ಹೋಯಿತು? ಹಾಸ್ಯಕ್ಕೂ ಕರುಣಕ್ಕೂ ಆಲಂಬನ ಒಂದೇ ಆದಾಗ, ಅಂದರೆ ನಗಿಸುವ ಕಾರಣವೇ ಮರುಕದ ಕಾರಣವೂ ಆದಾಗ, ಎರಡೂ ಒಂದನ್ನೊಂದು ತಳ್ಳುವುದಿಲ್ಲ. ಅವನ ಹೆಬ್ಬಯಕೆ ನಗೆಯನ್ನು ತರುತ್ತದೆ, ಅದೇ ಹೆಬ್ಬಯಕೆ ಮರುಕವನ್ನೂ ತರುತ್ತದೆ. ಬೇರೆಬೇರೆ ಮೂಲಗಳಿಂದ ತಂದು ಜೋಡಿಸಿದಾಗ ಮಾತ್ರ ಶಾಸ್ತ್ರಕಾರ ಹೇಳಿದ ಕೆಡಕು ಸಂಭವಿಸುತ್ತದೆ.

ಜೂನ್ 23ರ ‘ದಿ ಬ್ಲಡ್ ಡೋನರ್’ ಇವುಗಳಲ್ಲೆಲ್ಲ ಹೆಚ್ಚು ಜನಪ್ರಿಯ. ರಕ್ತ ಕೊಟ್ಟು ದೊಡ್ಡಮನುಷ್ಯನಾಗಲು ಹೊರಟವನು ಕೊನೆಗೆ ಬ್ರೆಡ್ಡಿನ ಚಾಕುವಿನಿಂದ ಕೈ ಕೊಯ್ದುಕೊಂಡು ತಾನು ಕೊಟ್ಟ ರಕ್ತವನ್ನೇ ಹಿಂದಕ್ಕೆ ಪಡೆಯುವ ಕಥೆ. ಚಿತ್ರೀಕರಣಕ್ಕೆ ಮುಂಚೆ ಕಾರು ಅಪಘಾತದಲ್ಲಿ ಹ್ಯಾನ್‌ಕಾಕ್ ಪೆಟ್ಟು ತಿಂದಿದ್ದರಿಂದ ಸಾಲುಗಳನ್ನು ಕಂಠಪಾಠ ಮಾಡಲಾಗಲಿಲ್ಲ. ಕ್ಯಾಮೆರಾದ ಅಕ್ಕಪಕ್ಕ ಇಟ್ಟಿದ್ದನ್ನು ಓದಿ ಹೇಳಿದ. ಅವನ ಕಣ್ಣು ಎದುರಿನವರನ್ನು ಬಿಟ್ಟು ಆಚೀಚೆ ಸರಿಯುವುದನ್ನು ಗಮನಿಸಿ ನೋಡಿದರೆ ಇಂದಿಗೂ ಕಾಣಬಹುದು. ಸ್ಕ್ರಿಪ್ಟು ಎಷ್ಟು ಗಟ್ಟಿಯೆಂದರೆ ಆ ಕಂತು ಅದನ್ನೂ ತಾಳಿಕೊಂಡಿತು.

ಆ ವರ್ಷವೇ ಹ್ಯಾನ್‌ಕಾಕ್ ಈ ಜೋಡಿಯನ್ನು ಕೈಬಿಟ್ಟ. ಅವನಿಗೆ ಲೋಕಕ್ಕೆಲ್ಲ ಅರ್ಥವಾಗುವ ಸಿನಿಮಾ ಬೇಕಿತ್ತು. ಇವರು ಬರೆದು ತಂದ ಚಿತ್ರಕಥೆಗಳು ಒಂದಾದ ಮೇಲೊಂದು ಒಪ್ಪಿಗೆಯಾಗಲಿಲ್ಲ. ಬೇರೆ ಬರಹಗಾರರೊಂದಿಗೆ ಮಾಡಿದ ಕೆಲಸ ಅವನಿಗೆ ಹಿಂದಿನ ಎತ್ತರ ತಂದುಕೊಡಲಿಲ್ಲ. 1968ರ ಜೂನ್‌ನಲ್ಲಿ ಸಿಡ್ನಿಯಲ್ಲಿ ಆತ್ಮಹತ್ಯೆ ಮಾಡಿಕೊಂಡ. ಆಗ ಅವನಿಗೆ 44.

ಗುಜರಿ ಅಂಗಳದ ಅಪ್ಪ ಮಗ

ನಟನಿಲ್ಲದೆ ಉಳಿದ ಬರಹಗಾರರಿಗೆ ಬಿಬಿಸಿಯ ಟಾಮ್ ಸ್ಲೋನ್ ಅಪರೂಪದ ಅವಕಾಶವೊಂದನ್ನು ಕೊಟ್ಟರು. ‘ಕಾಮಿಡಿ ಪ್ಲೇಹೌಸ್’ ಎಂಬ ಹೆಸರಿನಲ್ಲಿ ಹತ್ತು ಬಿಡಿ ನಾಟಕಗಳು. ವಸ್ತು, ಪಾತ್ರ, ನಟವರ್ಗ ಎಲ್ಲ ಇವರಿಷ್ಟ. ನಾಲ್ಕನೆಯದಕ್ಕೆ ಹೊಳೆಯದೆ ಕೂತಿದ್ದಾಗ ಗುಜರಿ ಸಾಮಾನು ಕೊಳ್ಳುವ ಇಬ್ಬರ ಮಾತುಕತೆ ಸುಮ್ಮನೆ ಶುರುವಾಯಿತು. ಕೆಲವು ಪುಟಗಳಾದ ಮೇಲೆ, ಇವರು ಬರೀ ಪಾಲುದಾರರಲ್ಲ, ಅಪ್ಪ ಮಗ ಎಂದು ಬರಹಗಾರರಿಗೆ ಹೊಳೆಯಿತು. ಪಾಲುದಾರನಾದರೆ ಬಿಟ್ಟು ಹೋಗಬಹುದು. ಮಗ ಹೇಗೆ ಹೋಗುತ್ತಾನೆ? ಒಂದು ನಂಟಿನಿಂದ ಕೋಣೆಯ ಬಾಗಿಲು ಮುಚ್ಚಿಕೊಂಡಿತು.

‘ದಿ ಆಫರ್’ ಎಂಬ ಆ ನಾಟಕ 1962ರ ಜನವರಿ 5ರಂದು ಪ್ರಸಾರವಾಯಿತು. ಮಗ ಹೆರಾಲ್ಡ್ ತನಗೆ ಬೇರೆ ಕಡೆಯಿಂದ ಕೆಲಸದ ಕರೆ ಬಂದಿದೆ, ಹೋಗುತ್ತೇನೆ ಎಂದು ತನ್ನ ಸಾಮಾನನ್ನೆಲ್ಲ ಗಾಡಿಗೆ ಹೇರುತ್ತಾನೆ. ಅಪ್ಪ ಆಲ್ಬರ್ಟ್ ಕುದುರೆ ಕೊಡುವುದಿಲ್ಲ. ಹೆರಾಲ್ಡ್ ತಾನೇ ಗಾಡಿಗೆ ಹೆಗಲು ಕೊಡುತ್ತಾನೆ. ಎಳೆಯುತ್ತಾನೆ. ಗಾಡಿ ಕದಲುವುದಿಲ್ಲ. ಮತ್ತೆ ಎಳೆಯುತ್ತಾನೆ, ಬೇಡಿಕೊಳ್ಳುತ್ತಾನೆ, ಕೊನೆಗೆ ಅದರ ಮೇಲೆ ಒರಗಿ ಅಳುತ್ತಾನೆ. ಅಪ್ಪ ಬಂದು ಅವನನ್ನು ಮೆಲ್ಲಗೆ ಒಳಗೆ ಕರೆದೊಯ್ಯುತ್ತಾನೆ. ನಟ ಹ್ಯಾರಿ ಎಚ್. ಕಾರ್ಬೆಟ್ ನಿಜವಾಗಿ ಅತ್ತದ್ದನ್ನು ಕಂಡು ಬರಹಗಾರರೇ ಬೆರಗಾದರು. ಹಾಸ್ಯನಟನಾಗಿದ್ದರೆ ಅಳುವನ್ನೂ ನಗೆಗೆ ತಿರುಗಿಸುತ್ತಿದ್ದ. ಕಾರ್ಬೆಟ್ ಜೋನ್ ಲಿಟಲ್‌ವುಡ್‌ರ ರಂಗತಂಡದಿಂದ ಬಂದ ನಟ; ಅಪ್ಪನಾದ ವಿಲ್‌ಫ್ರಿಡ್ ಬ್ರ್ಯಾಂಬೆಲ್ ಡಬ್ಲಿನ್ನಿನ ರಂಗನಟ. ಇವರಿಬ್ಬರ ವಯಸ್ಸಿನ ಅಂತರ ಹದಿಮೂರೇ ವರ್ಷ ಎಂಬುದನ್ನು ನೆನಪಿಟ್ಟುಕೊಂಡು ನೋಡಿದರೆ ಬ್ರ್ಯಾಂಬೆಲ್‌ರ ಮುದಿತನದ ಅಭಿನಯ ಇನ್ನಷ್ಟು ಹಿಡಿಸುತ್ತದೆ. ಹಾಸ್ಯನಟರಿಗೆ ಬರೆಯುವುದನ್ನು ಬಿಟ್ಟು ನಟರಿಗೆ ಬರೆದದ್ದು ಈ ಜೋಡಿಯ ವೃತ್ತಿಜೀವನದ ದೊಡ್ಡ ತಿರುವೆಂದು ನಾನು ಎಣಿಸುತ್ತೇನೆ.

ಇದನ್ನೇ ಸರಣಿ ಮಾಡಿ ಎಂದು ಸ್ಲೋನ್ ಬೆನ್ನು ಬಿದ್ದರು. ಇವರಿಗೆ ಮನಸ್ಸಿರಲಿಲ್ಲ, ನಟರು ಒಪ್ಪಿದರೆ ಬರೆಯುತ್ತೇವೆ ಎಂದರು, ಒಪ್ಪಲಾರರು ಎಂಬ ಭರವಸೆಯಿಂದ. ನಟರು ಒಪ್ಪಿಬಿಟ್ಟರು. ‘ಸ್ಟೆಪ್ಟೋ ಅಂಡ್ ಸನ್’ 1962ರಿಂದ 65ರವರೆಗೆ, ಮತ್ತೆ 1970ರಿಂದ 74ರವರೆಗೆ, ಒಟ್ಟು 57 ಕಂತು ನಡೆಯಿತು. 1964ರ ಅಕ್ಟೋಬರ್ 15, ಮಹಾಚುನಾವಣೆಯ ದಿನ. ಸಂಜೆ ಸ್ಟೆಪ್ಟೋದ ಮರುಪ್ರಸಾರವಿದೆ, ದುಡಿಯುವ ಜನ ಮತಗಟ್ಟೆಗೆ ಹೋಗದೆ ಟಿ.ವಿ. ಮುಂದೆ ಕೂತುಬಿಡುತ್ತಾರೆಂದು ಲೇಬರ್ ಪಕ್ಷದ ಹೆರಾಲ್ಡ್ ವಿಲ್ಸನ್ ಬಿಬಿಸಿಯ ಮಹಾನಿರ್ದೇಶಕರಲ್ಲಿ ಅಹವಾಲು ಹೇಳಿಕೊಂಡರು. ಕಾರ್ಯಕ್ರಮ ಮತದಾನ ಮುಗಿಯುವ ಒಂಬತ್ತು ಗಂಟೆಗೆ ಸರಿಯಿತು. ಲೇಬರ್ ಪಕ್ಷ ನಾಲ್ಕೇ ಸ್ಥಾನಗಳ ಬಹುಮತದಿಂದ ಗೆದ್ದಿತು.

1972ರ ‘ಡಿವೈಡೆಡ್ ವಿ ಸ್ಟ್ಯಾಂಡ್’ ಕಂತಿನಲ್ಲಿ ಅಪ್ಪ ಮಗ ಮನೆಯನ್ನೇ ಪಾಲು ಮಾಡಿಕೊಂಡು ನಡುವೆ ಹಲಗೆಯ ಗೋಡೆ ಎಬ್ಬಿಸುತ್ತಾರೆ, ಟಿ.ವಿ.ಯನ್ನೂ ಅರ್ಧರ್ಧ ಹಂಚಿಕೊಳ್ಳುತ್ತಾರೆ. ಹಿಸ್ಸೆಯಾದ ಮನೆಯಲ್ಲಿ ಬೆಳೆದ ನಮ್ಮವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅದೇ ವರ್ಷದ ‘ದಿ ಡೆಸ್ಪರೇಟ್ ಅವರ್ಸ್’ನಲ್ಲಿ ಜೈಲಿನಿಂದ ತಪ್ಪಿಸಿಕೊಂಡ ಇಬ್ಬರು ಕೈದಿಗಳು ಈ ಮನೆಗೆ ನುಗ್ಗುತ್ತಾರೆ. ಇಲ್ಲಿ ಚಳಿ, ಊಟಕ್ಕೆ ಗತಿಯಿಲ್ಲ, ದುಡ್ಡಿಲ್ಲ. ಜೈಲೇ ವಾಸಿ ಎನ್ನುವಂತಿದೆ. ಆ ಇಬ್ಬರಲ್ಲೂ ಒಬ್ಬ ಮುದುಕ, ಒಬ್ಬ ಪ್ರಾಯದವನು. ಮುದುಕನನ್ನು ಬಿಟ್ಟು ಓಡಲಾರದ ಪ್ರಾಯದ ಕೈದಿಯನ್ನು ಹೆರಾಲ್ಡ್ ನೋಡುವ ನೋಟದಲ್ಲಿ ಇಡೀ ಸರಣಿಯ ತಿರುಳಿದೆ.

ಕೊರತೆಗಳೂ ಇವೆ. ಈ ಲೋಕದಲ್ಲಿ ಹೆಂಗಸರು ಬಂದು ಹೋಗುವವರು. ಹೆರಾಲ್ಡ್‌ನ ಬಿಡುಗಡೆಯ ಆಸೆಯಾಗಿ ಬರುತ್ತಾರೆ, ಮುದುಕನ ಕುಯುಕ್ತಿಗೆ ಸಿಕ್ಕಿ ಹೊರಡುತ್ತಾರೆ. ಅವರ ಕೋಣೆ ಹೇಗಿರುತ್ತದೆಂದು ಬರಹಗಾರರು ಕೇಳಲಿಲ್ಲ. ಆಲ್ಬರ್ಟ್‌ನ ಬಾಯಲ್ಲಿ ಬರುವ ಜನಾಂಗದ್ವೇಷದ ಮಾತು ಪಾತ್ರಕ್ಕೆ ಸಹಜವೆಂದು ಒಪ್ಪಿದರೂ, ಅಂದಿನ ನೋಡುಗರು ನಕ್ಕದ್ದು ಅವನನ್ನು ನೋಡಿಯೋ, ಅವನೊಂದಿಗೆ ಸೇರಿಯೋ ಎಂಬ ಪ್ರಶ್ನೆ ಉಳಿಯುತ್ತದೆ. ನನಗೆ ಆ ಸಾಲುಗಳನ್ನು ಕೇಳುವುದು ಕಷ್ಟ.

ಆದರೂ ಅಪ್ಪ ಮಗನ ಕಟ್ಟು ಗಡಿ ದಾಟಿತು. ಬೆರಿಲ್ ವರ್ಚು ಅದರ ಹಕ್ಕನ್ನು ದೇಶದೇಶಗಳಿಗೆ ಮಾರಿದರು. ಸ್ವೀಡನ್ನಿನಲ್ಲಿ ಅದು ‘ಆಲ್ಬರ್ಟ್ ಓಕ್ ಹರ್ಬರ್ಟ್’ ಆಯಿತು. ಅಮೆರಿಕದಲ್ಲಿ ಬಡ್ ಯಾರ್ಕಿನ್ ಮತ್ತು ನಾರ್ಮನ್ ಲಿಯರ್ 1972ರಲ್ಲಿ ಅದನ್ನು ಲಾಸ್ ಏಂಜಲಿಸ್‌ನ ಆಗ ಕರಿಯರ ಬಡಾವಣೆಯಾಗಿದ್ದ ವಾಟ್ಸ್‌ಗೆ ಒಯ್ದು ‘ಸ್ಯಾನ್‌ಫರ್ಡ್ ಅಂಡ್ ಸನ್’ ಮಾಡಿದರು. ಮಾತು, ಮೈಬಣ್ಣ, ಬೀದಿ ಎಲ್ಲ ಬದಲಾದರೂ ಗುಜರಿ ಅಂಗಳ ಉಳಿಯಿತು, ಹೋಗಲಾರದ ಮಗ ಉಳಿದ.

ಬರಹ ಉಳಿದ ಬಗೆ

ಆ ಕಾಲದಲ್ಲಿ ಬಿಬಿಸಿ ದುಬಾರಿ ವಿಡಿಯೋ ಟೇಪುಗಳನ್ನು ಅಳಿಸಿ ಮತ್ತೆ ಬಳಸುತ್ತಿತ್ತು. ಹ್ಯಾನ್‌ಕಾಕ್‌ನ ಹಲವು ಕಂತುಗಳು ಹೀಗೆ ಹೋದವು. 70ರ ದಶಕದ ಸ್ಟೆಪ್ಟೋ ಕಂತುಗಳಲ್ಲಿಯೂ ಕೆಲವುಗಳ ಮೂಲ ಬಣ್ಣದ ಟೇಪು ಇಲ್ಲ. ಅವು ಇಂದು ನೋಡಲು ಸಿಗುವುದು ಗಾಲ್ಟನ್ ಮತ್ತು ಸಿಂಪ್ಸನ್ ತಮಗಾಗಿ ಇಟ್ಟುಕೊಂಡಿದ್ದ ಕಪ್ಪುಬಿಳುಪಿನ ಪ್ರತಿಗಳಿಂದ. ರೇಡಿಯೋದಲ್ಲಿ ಕಳೆದುಹೋದ ಹ್ಯಾನ್‌ಕಾಕ್ ಕಂತುಗಳನ್ನು 2014ರಿಂದ ಹೊಸ ನಟರು ಮತ್ತೆ ಆಡಿದರು. ದನಿ ಅಳಿದಿತ್ತು, ಟೈಪು ಮಾಡಿದ ಹಾಳೆ ಇತ್ತು. ಬರಹಗಾರನ ಪಾಲು ಎಷ್ಟೆಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ಸಾಕ್ಷ್ಯವನ್ನು ನಾನು ಕಂಡಿಲ್ಲ.

70ರ ದಶಕದ ಕೊನೆಗೆ ಸಿಂಪ್ಸನ್ ಬರವಣಿಗೆ ನಿಲ್ಲಿಸಿದರು. ಗಾಲ್ಟನ್ ಜಾನಿ ಸ್ಪೈಟ್ ಜೊತೆಗೂಡಿ ಕೆಲಕಾಲ ಬರೆದರು. ಗೆಳೆತನ ಮುರಿಯಲಿಲ್ಲ, 2016ರಲ್ಲಿ ಬ್ರಿಟನ್ನಿನ ಸಿನಿಮಾ–ಟಿ.ವಿ. ಅಕಾಡೆಮಿಯಾದ ಬಾಫ್ಟಾದ ಫೆಲೋಶಿಪ್ ಇಬ್ಬರಿಗೂ ಒಟ್ಟಿಗೇ ಬಂತು. ಆ ಹೊತ್ತಿಗೆ ಮಿಲ್‌ಫರ್ಡ್‌ನ ಪರಿಚಯಕ್ಕೆ 68 ವರ್ಷ.

ಸ್ಟೆಪ್ಟೋದ ಕೊನೆಯ ಕಂತು 1974ರ ಡಿಸೆಂಬರ್ 26ರಂದು ಬಂತು. ಕ್ರಿಸ್‌ಮಸ್‌ಗೆ ಅಪ್ಪ ಮಗ ಪರದೇಶಕ್ಕೆ ಹೊರಟಿದ್ದಾರೆ. ಹೊರಡುವ ಗಳಿಗೆಯಲ್ಲಿ ಹೆರಾಲ್ಡ್‌ನ ಪಾಸ್‌ಪೋರ್ಟಿನ ಅವಧಿ ಮುಗಿದಿರುವುದು ಗೊತ್ತಾಗುತ್ತದೆ. ಮುದುಕ ಒಬ್ಬನೇ ಹೋಗುತ್ತಾನೆ, ಮಗ ಜೋಲುಮೋರೆ ಹಾಕಿಕೊಂಡು ಕೈಬೀಸುತ್ತಾನೆ. ಅಪ್ಪ ಕಣ್ಮರೆಯಾದ ಮೇಲೆ ಹೆರಾಲ್ಡ್ ಹೊರಗೆ ಬರುತ್ತಾನೆ. ಅಲ್ಲೊಂದು ಕಾರು ಕಾಯುತ್ತಿದೆ, ಅದರಲ್ಲೊಬ್ಬ ಹೆಂಗಸು. ಎಲ್ಲವನ್ನೂ ಅವನೇ ಹೂಡಿದ್ದ. ಹತ್ತಿ ಕೂರುತ್ತಾನೆ, ಕಾರು ಬಾಗ್ನರ್ ಎಂಬ ಕಡಲತಡಿಯ ಊರಿನ ಕಡೆಗೆ ಹೊರಡುತ್ತದೆ.